ಸಹಾಯ ಬೇಕು: ಫೋರ್ಡ್ ಮಾಡೆಲ್ ಟಿ, ಹಿಂದಿನ ಕಮಾನು ಪಟ್ಟಿ ಒಂದು ಕಡೆ ಕುಸಿದಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ತಾತನ ಕಾಲದ ಮಾಡೆಲ್ ಟಿ ಇದೆ, 1926ರದ್ದು, ಕೆನಡಾದಲ್ಲಿ ತಯಾರಾಗಿ ಬಂದ ಬಲಗಡೆ ಸ್ಟೀರಿಂಗ್ ಗಾಡಿ. ಎರಡು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ಈಗ ಹಿಂಭಾಗ ಎಡಕ್ಕೆ ಎರಡು ಬೆರಳಷ್ಟು ವಾಲಿದೆ.

ಗೊತ್ತಲ್ವಾ, ಇದಕ್ಕೆ ಹಿಂದೆ ಒಂದೇ ಪಟ್ಟಿ (ಹಲವು ಪ್ಲೇಟು ಜೋಡಿಸಿದ ಲೀಫ್ ಸ್ಪ್ರಿಂಗ್), ಅದೂ ಅಡ್ಡಕ್ಕೆ. ಶಾಕ್ ಅಬ್ಸಾರ್ಬರ್ ಇಲ್ಲವೇ ಇಲ್ಲ. ಬಿಚ್ಚಿ ನೋಡಿದರೆ, ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿತ್ತು. ಪಟ್ಟಿಯನ್ನು ಚಾಸಿಗೆ ಬಿಗಿಯುವ ಯು ಬೋಲ್ಟ್ ಸಡಿಲ ಇದ್ದದ್ದರಿಂದಲೇ ಹೀಗಾಗಿದೆ ಅನಿಸುತ್ತೆ, ಪ್ಲೇಟುಗಳು ಪಕ್ಕಕ್ಕೆ ಜರುಗಿವೆ. ಎಲ್ಲಕ್ಕಿಂತ ಉದ್ದದ ಮೇನ್ ಪ್ಲೇಟಿನ ಮೇಲ್ಭಾಗದಲ್ಲಿ, ಅದರ ಮೇಲಿನ ಪ್ಲೇಟಿನ ತುದಿ ಉಜ್ಜಿ ಉಜ್ಜಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಬಿದ್ದಿದೆ. ಶ್ಯಾಕಲ್ (ಪಟ್ಟಿಯ ತುದಿಯನ್ನು ಆಕ್ಸಲ್‌ಗೆ ಸೇರಿಸುವ ಕೊಂಡಿ) ಬುಷ್‌ಗಳೂ ಸವೆದು ಮೊಟ್ಟೆ ಆಕಾರ ಆಗಿವೆ.

ಲಾರಿ ಪಟ್ಟಿ ಕೆಲಸ ಮಾಡುವ ಒಬ್ಬರು, ಕಾಯಿಸಿ ಬಗ್ಗಿಸಿ ಕೊಡ್ತೀನಿ ಅಂದರು. ನನಗೆ ಭಯ. ಫೋರ್ಡ್ ವೆನೇಡಿಯಮ್ ಸ್ಟೀಲ್ ಬಳಸುತ್ತಿತ್ತು, ಸುಮ್ನೆ ಕಾಯಿಸಿ ಬಿಟ್ಟರೆ ಹದ ಹೋಗಿ ಪಟ್ಟಿ ಮತ್ತೆ ಕುಸಿಯುತ್ತೆ. ಕಾಯಿಸದೆ, ಸುತ್ತಿಗೆಯಲ್ಲೇ ಸ್ವಲ್ಪ ಸ್ವಲ್ಪವಾಗಿ ಹೊಡೆದು ಕಮಾನು ಕೊಡುವವರು ಮೈಸೂರು, ಹಾಸನದ ಕಡೆ ಯಾರಾದರೂ ಇದ್ದಾರಾ? ಗೆರೆ ಬಿದ್ದ ಮೇನ್ ಪ್ಲೇಟನ್ನು ಉಜ್ಜಿ ನಯ ಮಾಡಿ ಹಾಕಬಹುದಾ, ಇಲ್ಲ ಹೊಸದೇ ಬೇಕಾ?

ಇನ್ನೊಂದು, ವಾಪಸ್ ಕೂರಿಸುವಾಗ ಪಟ್ಟಿಯನ್ನು ಅಗಲಿಸಿ ಶ್ಯಾಕಲ್‌ಗೆ ಸೇರಿಸಬೇಕು. ತಪ್ಪಿ ಚಿಮ್ಮಿದರೆ ಕೈ ಹೋಗುತ್ತೆ. ಅಗಲಿಸುವ ಸಾಧನ ಇರುವವರು ಒಂದು ದಿನಕ್ಕೆ ಕೊಟ್ಟರೆ ನಾನೇ ಬಂದು ತಗೊಂಡು ಹೋಗುತ್ತೇನೆ. ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್ ಹಚ್ಚೋಣ ಅಂತಿದ್ದೇನೆ, ಹಚ್ಚಿ ಓಡಿಸಿದವರು ಹೇಳಿ. ಬೇಕಿದ್ದರೆ ಫೋಟೋ ಹಾಕುತ್ತೇನೆ.