ಕಾರ್ಬನ್ ಫೆಲ್ಟ್ ಕೋಶ: ತಾಮ್ರ ಇಳಿದು ಮತ್ತೆ ಏರುತ್ತಿದೆ, ಯಾಕೆ?

ಪ್ರಶ್ನೆ:
ನೀರಿನಿಂದ ತಾಮ್ರವನ್ನು ವಿದ್ಯುತ್ತಿನಿಂದ ಎಳೆದು ತೆಗೆಯುವ ಕೋಶ ಮಾಡಿದ್ದೇನೆ. 1 ಲೀಟರ್ ಕೊಳಾಯಿ ನೀರು, ಪಿಎಚ್ 6. ಮೈಲುತುತ್ತ ಹಾಕಿ ತಾಮ್ರ ಲೀಟರಿಗೆ 10 ಮಿ.ಗ್ರಾಂ ಮಾಡಿದ್ದೇನೆ. 5×10 ಸೆಂ.ಮೀ. ಅಳತೆಯ ಎರಡು ಕಾರ್ಬನ್ ಫೆಲ್ಟ್ (ಇಂಗಾಲದ ಎಳೆಗಳ ಹಾಸು), ನಡುವೆ ಪ್ಲಾಸ್ಟಿಕ್ ಜಾಲರಿ, 1.2 ವೋಲ್ಟ್. ಅರ್ಧ ಗಂಟೆಗೆ 6 ಮಿ.ಗ್ರಾಂಗೆ ಇಳಿದ ತಾಮ್ರ ಆಮೇಲೆ 8ಕ್ಕೆ ಏರುತ್ತದೆ. ಋಣ ಫೆಲ್ಟ್ ಮೇಲೆ ಬಿಳಿ ಪುಡಿ ಕೂರುತ್ತಿದೆ. ತಾಮ್ರದ ಕ್ಲಿಪ್‌ಗಳು ನೀರಿಗಿಂತ 2 ಸೆಂ.ಮೀ. ಮೇಲಿವೆ. ಫೆಲ್ಟ್ ತುಂಬಿಹೋಯಿತೇ?

ಉತ್ತರ 1:
ತುಂಬಿದ್ದರೆ ಇಳಿಯುವುದು ನಿಲ್ಲುತ್ತಿತ್ತು ಅಷ್ಟೇ, ಹೀಗೆ ಏರುತ್ತಿರಲಿಲ್ಲ. ಧನ ಕಡೆಯ ಕ್ಲಿಪ್ ಬಿಚ್ಚಿ ನೋಡಿ. ಒಮ್ಮೆ ನೆನೆದ ಫೆಲ್ಟ್ ದೀಪದ ಬತ್ತಿಯ ಹಾಗೆ ನೀರನ್ನು ಮೇಲೆಳೆಯುತ್ತದೆ, 2 ಸೆಂ.ಮೀ. ಅದಕ್ಕೆ ಲೆಕ್ಕವೇ ಅಲ್ಲ. ಒದ್ದೆಯಾದ ಕ್ಲಿಪ್ ಕರಗಿ ನೀರಿಗೇ ತಾಮ್ರ ಬಿಡುತ್ತದೆ. ಮೊದಲ ಅರ್ಧ ಗಂಟೆ ಸರಿಯಿದ್ದು ಆಮೇಲೆ ಕೆಡುವುದು ಇದಕ್ಕೇ. ಕ್ಲಿಪ್ಪಿನ ಹಲ್ಲುಗಳ ಸಂದಿಯಲ್ಲಿ ಹಸಿರು ಕಲೆ ಇರಬೇಕು.

ಬದಲಿಗೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ ಹಾಕಬೇಡಿ. ಧನ ಕಡೆಯಲ್ಲಿ ಅದು ಸವೆದರೆ ನಿಕ್ಕಲ್, ಕ್ರೋಮಿಯಂ ನೀರಿಗೆ ಬರುತ್ತವೆ. ಗ್ರಾಫೈಟ್ ಹಾಳೆಯ ಪಟ್ಟಿಯೊಂದನ್ನು ಫೆಲ್ಟ್‌ಗೆ ಬಿಗಿಯಾಗಿ ಒತ್ತಿ, ನೀರಿನ ಮೇಲೆ 5 ಸೆಂ.ಮೀ. ಚಾಚುವಂತೆ ಬಿಡಿ, ಕ್ಲಿಪ್ ಆ ತುದಿಗೆ. ಫೆಲ್ಟ್ ಪೂರ್ತಿ ಮುಳುಗಿರಲಿ.

ಉತ್ತರ 2:
ಕ್ಲಿಪ್ ವಿಷಯ ಸರಿ. ಜೊತೆಗೆ, ಮಾದರಿ ತೆಗೆಯುವಾಗ ವೋಲ್ಟೇಜ್ ಆರಿಸಬೇಡಿ. ಆರಿಸಿದರೆ ಕಾರ್ಬನ್ ಹಿಡಿದಿಟ್ಟ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಮರಳಿ ನೀರಿಗೆ ಬರುತ್ತವೆ.

ಕರೆಂಟ್ ಎಷ್ಟು ಹರಿಯುತ್ತಿದೆ ಅಳೆಯಿರಿ. 10 ಮಿ.ಗ್ರಾಂ ತಾಮ್ರಕ್ಕೆ ಸುಮಾರು 30 ಕೂಲಂಬ್ ವಿದ್ಯುದಾವೇಶ ಬೇಕು: 10 ಮಿಲಿಆಂಪಿಯರ್‌ನಲ್ಲಿ ಒಂದಿಷ್ಟೂ ಪೋಲಾಗದಿದ್ದರೂ 51 ನಿಮಿಷ, 1 ಮಿಲಿಆಂಪಿಯರ್‌ನಲ್ಲಿ ಎಂಟು ಗಂಟೆಗೂ ಹೆಚ್ಚು.

ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೋನೇಟ್ ಇರಬೇಕು, ವಿನೆಗರ್ ಹನಿ ಹಾಕಿದರೆ ನೊರೆ ಬರುತ್ತದೆ. ನೀರಲ್ಲಿ ಕರಗಿದ ಆಮ್ಲಜನಕ ಋಣ ಫೆಲ್ಟ್ ಬಳಿ ಕ್ಷಾರ ಹುಟ್ಟಿಸುವುದರಿಂದ ಅದು ಅಲ್ಲೇ ಕೂರುತ್ತದೆ. ನೀರಿನ ಗಡಸುತನ (ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ) ಲೀಟರಿಗೆ 200 ಮಿ.ಗ್ರಾಂ ಇದ್ದರೆ ವಿದ್ಯುದಾವೇಶದ ಲೆಕ್ಕದಲ್ಲಿ ಗಡಸಿನ ಅಯಾನುಗಳು ನಿಮ್ಮ ತಾಮ್ರದ 13 ಪಟ್ಟು. ವೋಲ್ಟೇಜ್ ಏರಿಸಿ ಇದನ್ನು ಗೆಲ್ಲಲಾಗದು: ಧನ ಕಾರ್ಬನ್ ಉತ್ಕರ್ಷಣಗೊಂಡು ಸವೆಯುತ್ತದೆ, ನೀರಲ್ಲಿ ಕ್ಲೋರೈಡ್ ಇದ್ದರೆ ಕ್ಲೋರಿನ್ನೂ ಬರುತ್ತದೆ. ಮೊದಲು ಗಡಸಿಲ್ಲದ ಬಟ್ಟಿ ಇಳಿಸಿದ ನೀರಿಗೆ, ಕರೆಂಟ್ ಹರಿಯಲೆಂದು 0.5 ಗ್ರಾಂ ಸೋಡಿಯಂ ಸಲ್ಫೇಟ್ ಹಾಕಿ ಪ್ರಯತ್ನಿಸಿ.

ಪ್ರಶ್ನೆ ಕೇಳಿದವರು:
ಹೌದು, ಧನ ಕ್ಲಿಪ್ಪಿನ ಸಂದಿಯಲ್ಲಿ ಹಸಿರು ಇದೆ. ಹಳೆಯ ಫೆಲ್ಟ್ ತೊಳೆಯುವುದು ಹೇಗೆ?

ಉತ್ತರ 1:
ಮುಳುಗುವಷ್ಟೇ ಹೊಸ ನೀರು ಮತ್ತು ಚಿಟಿಕೆ ಸೋಡಿಯಂ ಸಲ್ಫೇಟ್ ಹಾಕಿ, ಧ್ರುವ ಅದಲುಬದಲು ಮಾಡಿ 10–15 ನಿಮಿಷ ಬಿಡಿ. ಬಂದ ನೀಲಿ ನೀರನ್ನು ಚರಂಡಿಗೆ ಚೆಲ್ಲಬೇಡಿ. ಪಿಎಚ್ 9 ಆಗುವವರೆಗೆ ವಾಷಿಂಗ್ ಸೋಡಾ ಬೆರೆಸಿ, ತಳಕ್ಕಿಳಿದ ಗಸಿಯನ್ನು ಸೋಸಿ ಬೇರೆ ಡಬ್ಬಿಯಲ್ಲಿಡಿ. ಕೋಶದಿಂದ ಬಂದ ನೀರನ್ನು ಮೀಟರ್ ಎಷ್ಟೇ ತೋರಿಸಲಿ, ಕುಡಿಯಬೇಡಿ.