ಜೂನೋ-106: ಒಂದು ಸ್ವರ ಮಾತ್ರ ಆಗಾಗ ಕೈಕೊಡುತ್ತಿದೆ, ಎಲ್ಲಿಂದ ಶುರು ಮಾಡಲಿ?

ಉಡುಪಿ ಕೀಸ್

ನಮಸ್ಕಾರ. ನನ್ನ ಬಳಿ ರೋಲ್ಯಾಂಡ್ ಜೂನೋ-106 ಸಿಂಥಸೈಜರ್ ಕೀಬೋರ್ಡ್ ಇದೆ. ಎಂಬತ್ತರ ದಶಕದಲ್ಲಿ ಮಾವ ದುಬೈಯಿಂದ ತಂದದ್ದು. ಊರಿನ ಆರ್ಕೆಸ್ಟ್ರಾದಲ್ಲಿ ಅವರು ನುಡಿಸುತ್ತಿದ್ದರು, ಈಗ ನಾನು ಮನೆಯಲ್ಲಿ ರೆಕಾರ್ಡಿಂಗ್‌ಗೆ ಬಳಸುತ್ತೇನೆ. ಕೋರಸ್ ಎಫೆಕ್ಟ್ ಹಾಕಿದ ಮೇಲೆ ಅದರಲ್ಲಿ ಬರುವ ಸ್ಟ್ರಿಂಗ್ಸ್ ದನಿ ನನಗೆ ಯಾವ ಸಾಫ್ಟ್‌ವೇರ್‌ನಲ್ಲೂ ಸಿಕ್ಕಿಲ್ಲ. ಮಾರುವ ಮಾತೇ ಇಲ್ಲ.

ತೊಂದರೆ ಏನೆಂದರೆ, ನುಡಿಸುತ್ತಾ ಇರುವಾಗ ನಡುನಡುವೆ ಒಂದು ಸ್ವರ ಚರಚರ ಅನ್ನುತ್ತದೆ, ಒಮ್ಮೆ ಈ ಕೀ, ಇನ್ನೊಮ್ಮೆ ಬೇರೆ ಕೀ. ಕೆಲವೊಮ್ಮೆ ಪೂರ್ತಿ ಸಣ್ಣಗಾಗುತ್ತದೆ. ಅದೇ ಕೀ ಮತ್ತೆ ಒತ್ತಿದರೆ ಸರಿ ಇರುತ್ತದೆ! ಮಳೆಗಾಲದಲ್ಲಿ ಜಾಸ್ತಿ. ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದರೆ ಅಲ್ಲಿ ಚೆನ್ನಾಗಿಯೇ ನುಡಿಯಿತು, ಏನೂ ತೊಂದರೆ ಇಲ್ಲ ಎಂದು ವಾಪಸ್ ಕೊಟ್ಟರು. ಒಂದೊಂದು ಸ್ವರ ನೋಡಿಕೊಳ್ಳುವ ಆರೂ ವಾಯ್ಸ್ ಚಿಪ್ ಬದಲಿಸಿ ಎಂದು ಒಬ್ಬರು ಹೇಳುತ್ತಿದ್ದಾರೆ. ಅಷ್ಟು ದುಡ್ಡು ಹಾಕುವ ಮೊದಲು ತಿಳಿದವರು ಹೇಳಿ ಮಾರಾಯ್ರೆ.

ಹಳೇ ಸಿಂತ್

80017ಎ ಚಿಪ್‌ಗಳೇ (ಅವೇ ಆ ವಾಯ್ಸ್ ಚಿಪ್) ಇರಬೇಕು. ಈ ಮಾಡೆಲ್‌ಗೆ ವಯಸ್ಸಾದ ಮೇಲೆ ಎಲ್ಲ ಕಡೆ ಕೇಳಿಬರುವ ಮಾತು ಅದು. ನಾನು ಆರಕ್ಕೆ ಆರೂ ಕ್ಲೋನ್ (ಹೊಸದಾಗಿ ಮಾಡಿದ ನಕಲು ಚಿಪ್) ಹಾಕಿಸಿದೆ, ಆಮೇಲೆ ನೆಮ್ಮದಿ.

ಮೈಸೂರು ಬೆಂಚ್

ಚಿಪ್ ಇರಬಹುದು, ಇಲ್ಲದೆಯೂ ಇರಬಹುದು. ಸರ್, ದಯವಿಟ್ಟು ಈಗಲೇ ಆರೂ ಬದಲಿಸಬೇಡಿ. ಬಂದು ಹೋಗುವ ತೊಂದರೆಯಲ್ಲಿ ಮೊದಲು ಕೇಳಬೇಕಾದ್ದು ಒಂದೇ: ಅದು ಯಾವುದಕ್ಕೆ ಅಂಟಿಕೊಂಡಿದೆ? ಕೀಗೋ, ವಾಯ್ಸ್‌ಗೋ, ಬಿಸಿಗೋ, ಅಲುಗಾಟಕ್ಕೋ? ಇದು ಗೊತ್ತಾಗುವವರೆಗೆ ಸೋಲ್ಡರಿಂಗ್ ಐರನ್ ಮುಟ್ಟಬಾರದು.

ಯಾವಾಗಲೂ ಅದೇ ಕೀ ಕೈಕೊಟ್ಟರೆ ಕೀ ಕೆಳಗಿನ ಕಾಂಟ್ಯಾಕ್ಟ್‌ನಲ್ಲಿ ಧೂಳು. ನಿಮ್ಮದು ಹಾಗಲ್ಲ, ಕೀ ಬದಲಾಗುತ್ತಿದೆ. 106ರಲ್ಲಿ ಇರುವುದು ಆರು ವಾಯ್ಸ್, ಅಂದರೆ ಒಂದೊಂದು ಸ್ವರ ನುಡಿಸುವ ಆರು ಸರ್ಕ್ಯೂಟ್. ಪಾಲಿ 1 ಎಂಬ ಮೋಡ್‌ನಲ್ಲಿ ಒಂದೊಂದೇ ಸ್ವರ ನುಡಿಸುತ್ತಾ ಹೋದರೆ ಅವು ಸರದಿಯಲ್ಲಿ ಬರುತ್ತವೆ. ಒಂದು ವಾಯ್ಸ್ ಕೆಟ್ಟಿದ್ದರೆ ಆರು ಸಲಕ್ಕೊಮ್ಮೆ ಅದರ ಪಾಳಿ. ಅದಕ್ಕೇ ಅದೇ ಕೀ ಮತ್ತೆ ಒತ್ತಿದಾಗ ಸರಿ ಅನ್ನಿಸುವುದು. ಅಂಗಡಿಯಲ್ಲಿ ನಾಲ್ಕು ಕೀ ಒತ್ತಿ ನೋಡಿದರೆ ಸಿಗುವುದಿಲ್ಲ, ಅಲ್ವಾ?

ಯಾವ ವಾಯ್ಸ್ ಎಂದು ತಿಳಿಯಲು ಮುಚ್ಚಳ ತೆಗೆಯುವುದೂ ಬೇಡ. ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದು ಪವರ್ ಆನ್ ಮಾಡಿ. ಟೆಸ್ಟ್ ಮೋಡ್‌ಗೆ ಹೋಗುತ್ತದೆ. ಈಗ ಒಂದೊಂದು ಕೀ ಒತ್ತಿದಾಗಲೂ ಯಾವ ವಾಯ್ಸ್ ನುಡಿಯುತ್ತಿದೆ ಎಂಬ ಸಂಖ್ಯೆ ಡಿಸ್‌ಪ್ಲೇಯಲ್ಲಿ ಬರುತ್ತದೆ. ಕೋರಸ್ ಆಫ್ ಮಾಡಿ ಕೇಳಿ, ಅದರ ಹಿಸ್ ಸದ್ದು ಸಣ್ಣ ತೊಂದರೆಗಳನ್ನು ಮುಚ್ಚಿಬಿಡುತ್ತದೆ. ಚರಚರ ಬಂದಾಗಲೆಲ್ಲ ಸಂಖ್ಯೆ ಬರೆದುಕೊಳ್ಳಿ.

ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದರೆ ಆ ವಾಯ್ಸ್‌ನ 80017ಎ ಮೇಲೆ ಅನುಮಾನ. ದನಿಯ ಬಣ್ಣ ಬದಲಿಸುವ ಫಿಲ್ಟರ್, ದನಿ ಜೋರು-ಮೆಲ್ಲಗೆ ಮಾಡುವ ವಿಸಿಎ ಎರಡೂ ಅದರೊಳಗೇ ಇವೆ. ಮೇಲೆ ಕಪ್ಪು ಎಪಾಕ್ಸಿ ಲೇಪ ಇದೆ. ಹಳತಾದ ಮೇಲೆ ಆ ಲೇಪ ಸಣ್ಣಗೆ ಕರೆಂಟ್ ಸೋರಿಸುತ್ತದೆ, ಆಗ ಚರಚರ, ಸಣ್ಣ ದನಿ, ಕೀ ಬಿಟ್ಟರೂ ನಿಲ್ಲದ ಗುಂಯ್‌ ಎಲ್ಲ ಶುರು. ಜೋಡಿಯಾಗಿ ಎರಡು ವಾಯ್ಸ್ ಕೆಟ್ಟರೆ ಸ್ವರದ ಅಲೆ ಹುಟ್ಟಿಸುವ ಎಂಸಿ5534ಎ ಚಿಪ್ ನೋಡಬೇಕು, ಅದು ಒಂದಕ್ಕೆ ಎರಡು ವಾಯ್ಸ್ ನಡೆಸುತ್ತದೆ. ಆರೂ ಒಟ್ಟಿಗೆ ಕೈಕೊಟ್ಟರೆ ಚಿಪ್ ವಿಷಯ ಬಿಡಿ, ಮಲ್ಟಿಮೀಟರ್‌ನಲ್ಲಿ ಪ್ಲಸ್ 15, ಮೈನಸ್ 15, ಪ್ಲಸ್ 5 ವೋಲ್ಟ್ ಸರಿಯಾಗಿ ನಿಂತಿದೆಯಾ ನೋಡಿ.

ಇಷ್ಟಾದ ಮೇಲೆ ಮುಚ್ಚಳ ತೆಗೆಯಿರಿ. ಟ್ರಾನ್ಸ್‌ಫಾರ್ಮರ್ ಕಡೆ ಕೈ ಹಾಕಬೇಡಿ, ಅಲ್ಲಿ ಮನೆಯ ಕರೆಂಟ್ ನೇರವಾಗಿ ಬರುತ್ತದೆ. ಆ ವಾಯ್ಸ್‌ನ ಸ್ವರ ಹಿಡಿದಿಟ್ಟು, ಒಣ ಮರದ ಕಡ್ಡಿಯಿಂದ ಅದರ ಸುತ್ತ ಮೆಲ್ಲಗೆ ತಟ್ಟಿ. ಆಮೇಲೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಗಾಳಿ ಕೊಟ್ಟು ನೋಡಿ. ತಟ್ಟಿದಾಗ ಬದಲಾದರೆ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಅಥವಾ ಕನೆಕ್ಟರ್ ಲೂಸ್. ಬಿಸಿಗೆ ಮಾತ್ರ ಬದಲಾದರೆ ಚಿಪ್ ಕಡೆಗೆ ಬೆರಳು ತೋರಿಸುತ್ತದೆ. ಈ ಎರಡು ಪರೀಕ್ಷೆ ಯಾರೂ ಮಾಡುವುದಿಲ್ಲ, ಸುಮ್ನೆ ಬಿಡಿಭಾಗ ತರಿಸುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ. ಚೆನ್ನಾಗಿರುವ ಹಳೇ ಚಿಪ್ ಕೀಳುವಾಗ ಬೋರ್ಡ್‌ನ ಟ್ರ್ಯಾಕ್ (ತಾಮ್ರದ ಗೆರೆ) ಎದ್ದುಬಂದ ಸಿಂತ್‌ಗಳು ನನ್ನ ಬೆಂಚ್‌ಗೆ ಬರುತ್ತಲೇ ಇರುತ್ತವೆ.

ಧಾರವಾಡ ಟ್ಯೂನ್ಸ್

ಒಂದು ಮಾತು ಸೇರಿಸ್ತೀನಿ. ಬಿಚ್ಚುವ ಮೊದಲು ಮಾವನವರ ಪ್ಯಾಚ್‌ಗಳನ್ನು (ಅವರು ಮಾಡಿಟ್ಟ ದನಿಗಳ ಸೆಟ್ಟಿಂಗ್) ಉಳಿಸಿಕೊಳ್ರಿ. 128 ಮೆಮೊರಿ ಇವೆ, ಒಳಗಿನ ಬ್ಯಾಟರಿ ಸತ್ತರೆ ಎಲ್ಲ ಹೋಗ್ತಾವೆ. ಹಿಂದೆ ಟೇಪ್ ಸೇವ್ ಜಾಕ್ ಇದೆ. ಕ್ಯಾಸೆಟ್ ಬೇಕಿಲ್ಲ, ಕಂಪ್ಯೂಟರ್‌ಗೆ ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿದರೂ ಸಾಕು. ಎಂಪಿ3 ಮಾಡಬ್ಯಾಡ್ರಿ. ರೆಕಾರ್ಡ್ ಆದ ಮೇಲೆ ವೆರಿಫೈ ಮಾಡೋದು ಮರೀಬ್ಯಾಡ್ರಿ.

ಉಡುಪಿ ಕೀಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಚ್‌ಗಳನ್ನು ಮೊದಲು ಉಳಿಸಿಕೊಂಡೆ. ಆಮೇಲೆ ಟೆಸ್ಟ್ ಮೋಡ್ ನೋಡಿದೆ, ಚರಚರ ಬಂದಾಗಲೆಲ್ಲ 4 ಎಂದೇ ತೋರಿಸಿತು. ಉಳಿದ ಐದು ಸ್ವಚ್ಛ. ಬಿಸಿ ಗಾಳಿಗೆ ಏನೂ ಆಗಲಿಲ್ಲ. ಆದರೆ 4ರ ಚಿಪ್ ಪಕ್ಕ ಕಡ್ಡಿ ತಾಗಿಸಿದರೆ ಸಾಕು, ಸ್ವರ ಹೋಗುತ್ತದೆ, ಇನ್ನೊಮ್ಮೆ ತಾಗಿಸಿದರೆ ಬರುತ್ತದೆ. ಈಗ?

ಮೈಸೂರು ಬೆಂಚ್

ಒಳ್ಳೆಯ ಸುದ್ದಿ ಸರ್. ಇದು ಅಲುಗಾಟಕ್ಕೆ ಅಂಟಿಕೊಂಡಿದೆ. ಪ್ಲಗ್ ತೆಗೆದು, ಆ ಬೋರ್ಡ್‌ನ ಕನೆಕ್ಟರ್‌ಗಳನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿ. ಆಮೇಲೆ ಬೋರ್ಡ್ ತಿರುಗಿಸಿ, ಭೂತಗನ್ನಡಿಯಲ್ಲಿ 4ನೇ ಚಿಪ್‌ನ ಕಾಲುಗಳನ್ನು ಒಂದೊಂದಾಗಿ ನೋಡಿ. ಕಾಲಿನ ಸುತ್ತ ಕೂದಲೆಳೆಯಷ್ಟು ತೆಳ್ಳಗೆ ಉಂಗುರದಂಥ ಬಿರುಕು ಕಂಡರೆ ಅದೇ ಜಾಗ. ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಹಚ್ಚಿ, ಸ್ವಲ್ಪ ಹೊಸ ಸೋಲ್ಡರ್ ಕೊಟ್ಟು ಬೇಗ ಕೈ ತೆಗೆಯಿರಿ, ಜಾಸ್ತಿ ಹೊತ್ತು ಐರನ್ ಇಟ್ಟರೆ ಟ್ರ್ಯಾಕ್ ಏಳುತ್ತದೆ. ಬಿರುಕು ಕಾಣದಿದ್ದರೂ ಆ ಚಿಪ್‌ನ ಎಲ್ಲ ಕಾಲುಗಳಿಗೂ ಹಾಗೆ ಮಾಡಿ.

ಮಳೆಗಾಲ ಪೂರ್ತಿ ನುಡಿಸಿ ನೋಡಿ. ತಟ್ಟಿದರೂ ಬದಲಾಗದೆ, ತೇವದ ದಿನ ಮಾತ್ರ ಮತ್ತೆ ಬಂದರೆ ಆಗ ಲೇಪದ ಮೇಲೆ ಅನುಮಾನ ಪಡೋಣ. ಲೇಪವನ್ನು ಅಸಿಟೋನ್‌ನಲ್ಲಿ ನೆನೆಸಿ ತೆಗೆದು ಹಳೇ ಚಿಪ್ಪನ್ನೇ ಉಳಿಸಿಕೊಳ್ಳುವವರಿದ್ದಾರೆ, ಎಲ್ಲ ಸಲವೂ ಬದುಕುವುದಿಲ್ಲ. ನಾನಾದರೆ ಆ 4ಕ್ಕೆ ಮಾತ್ರ ಒಂದು ಕ್ಲೋನ್ ತರಿಸಿ, ಸಾಕೆಟ್ ಪಟ್ಟಿಯ ಮೇಲೆ ಕೂರಿಸುತ್ತೇನೆ. ಚಿಪ್ ಬದಲಿಸಿದರೆ ಸರ್ವಿಸ್ ಮ್ಯಾನುಯಲ್ ನೋಡಿಕೊಂಡು ಆ ವಾಯ್ಸ್‌ನ ಟ್ರಿಮ್ಮರ್‌ಗಳನ್ನು (ತಿರುಗಿಸಿ ಹೊಂದಿಸುವ ಸಣ್ಣ ಭಾಗಗಳು) ಹೊಂದಿಸಲೇಬೇಕು, ಇಲ್ಲದಿದ್ದರೆ ಅದೊಂದು ಸ್ವರದ ಫಿಲ್ಟರ್ ಬೇರೆ ಐದಕ್ಕೆ ಕೂಡುವುದಿಲ್ಲ. ಬಿರುಕಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.