ಮೊದಲ ಸಲ ಕ್ರೂಸ್‌ಗೆ ಹೊರಟಿದ್ದೇವೆ: ಊಟ ಹೇಗೆ, ಬಟ್ಟೆ ಯಾವುದು?

ಕೋಟೆ ಕೆಳಗಿನವ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸಿಂಗಪುರದಲ್ಲಿ ಕೆಲಸದಲ್ಲಿದ್ದಾನೆ. ಅವನೇ ಹಠ ಹಿಡಿದು ಅಲ್ಲಿಂದ ಹೊರಡುವ 4 ರಾತ್ರಿಯ ಕ್ರೂಸ್ ಬುಕ್ ಮಾಡಿಬಿಟ್ಟಿದ್ದಾನೆ. ನಾನು, ಹೆಂಡತಿ, ಮಗಳು, ಜೊತೆಗೆ ಅಪ್ಪ ಅಮ್ಮ. ನಮ್ಮಲ್ಲಿ ಯಾರೂ ಹಡಗು ಹತ್ತಿದವರಲ್ಲ, ನೀರಿನ ಮೇಲೆ ಹೋಗಿದ್ದು ಅಂದರೆ ಹಂಪಿಯ ಹರಿಗೋಲು ಅಷ್ಟೇ.

ಟಿಕೆಟ್ ಜೊತೆ ಬಂದ ಪಿಡಿಎಫ್ ಓದಿ ತಲೆ ಕೆಟ್ಟಿದೆ. ಕ್ಯಾಶುಯಲ್, ಸ್ಮಾರ್ಟ್ ಕ್ಯಾಶುಯಲ್, ಫಾರ್ಮಲ್ ನೈಟ್ ಅಂತ ಏನೇನೋ ಬರೆದಿದ್ದಾರೆ. ಇಲ್ಲಿನ ಒಬ್ಬ ಟ್ರಾವೆಲ್ ಏಜೆಂಟನ್ನು ಕೇಳಿದರೆ 'ಸೂಟು ಇಲ್ಲದಿದ್ದರೆ ಊಟಕ್ಕೆ ಒಳಗೇ ಬಿಡಲ್ಲ ಸರ್, ಬೇಕಾದರೆ ನಾನೇ ಬಾಡಿಗೆಗೆ ಕೊಡಿಸುತ್ತೇನೆ' ಅಂದ. ನಿಜವೇ? ನಮ್ಮದು ಜೀನ್ಸ್ ಹೊಲಿಯುವ ಊರು, ನನ್ನ ಕಪಾಟು ತೆಗೆದರೆ ಇರುವುದೇ ಅದು. ಅಪ್ಪ ಪಂಚೆ ಬಿಟ್ಟು ಬೇರೆ ಉಡುವುದಿಲ್ಲ, ಪ್ಯಾಂಟ್ ಹಾಕಿ ಅಂದರೆ 'ಹಂಗಾದ್ರೆ ನಾ ಬರಂಗಿಲ್ಲ' ಅಂತಾರೆ.

ಊಟದ ಚಿಂತೆ ಇನ್ನೂ ದೊಡ್ಡದು. ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಟಿಕೆಟ್‌ನಲ್ಲಿ ರಾತ್ರಿ ಊಟ ಸಂಜೆ 6 ಗಂಟೆಗೆ ಅಂತ ಇದೆ. ಆ ಹೊತ್ತಿಗೆ ನಾವು ಇನ್ನೂ ಒಗ್ಗರಣೆ ಮಿರ್ಚಿ ತಿನ್ನುತ್ತಾ ಕೂತಿರುತ್ತೇವೆ. ಯಾವ ಊಟಕ್ಕೆ ದುಡ್ಡು ಕೊಡಬೇಕು, ಯಾವುದು ಪುಕ್ಕಟೆ ಅನ್ನುವುದೂ ಗೊತ್ತಾಗುತ್ತಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ರಾಯಚೂರು ಪ್ಯಾಸೆಂಜರ್

ಅಣ್ಣಾರೆ, ಸೂಟು ಬಾಡಿಗೆಗೆ ತರಬೇಡಿ. ಆ ದುಡ್ಡಲ್ಲಿ ಒಂದು ಒಳ್ಳೆ ಶರ್ಟ್ ಹೊಲಿಸಿ.

ಬಟ್ಟೆಯ ನಿಯಮ ಇರುವುದು ಇಡೀ ಹಡಗಿಗೆ ಅಲ್ಲ, ರಾತ್ರಿ ಊಟದ ಹೊತ್ತಿಗೆ ಕೆಲವು ಜಾಗಗಳಿಗೆ ಮಾತ್ರ. ಹಗಲೆಲ್ಲ ಟೀ ಶರ್ಟ್, ಚಡ್ಡಿ, ಚಪ್ಪಲಿಯಲ್ಲಿ ಓಡಾಡಿ, ಯಾರೂ ತಿರುಗಿ ನೋಡಲ್ಲ. ಟಿಕೆಟ್ ದುಡ್ಡಿನಲ್ಲೇ ಊಟ ಸಿಗುವ ಜಾಗ ಮುಖ್ಯವಾಗಿ ಎರಡು. ಒಂದು, ಮೇಲಿನ ಡೆಕ್‌ನಲ್ಲಿರುವ ಬಫೆ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಅದನ್ನು ವಿಂಡ್‌ಜ್ಯಾಮರ್ ಅಂತಾರೆ. ಅಲ್ಲಿ ರಾತ್ರಿಯೂ ಮಾಮೂಲಿ ಬಟ್ಟೆ ಸಾಕು, ಈಜುಕೊಳದಿಂದ ಒದ್ದೆ ಮೈಯಲ್ಲಿ ಬರಿಗಾಲಲ್ಲಿ ಹೋಗಬಾರದು ಅಷ್ಟೇ. ಇನ್ನೊಂದು ಮೇನ್ ಡೈನಿಂಗ್ ರೂಮ್. ಟೇಬಲ್ ಮೇಲೆ ಬಿಳಿ ಬಟ್ಟೆ, ಮೆನು ಕಾರ್ಡ್, ಬಡಿಸುವವರು, ಎಲ್ಲ ಇರುತ್ತದೆ. ರಾತ್ರಿ ಅಲ್ಲಿಗೆ ಹೋಗುವಾಗ ಗಂಡಸರಿಗೆ ಫುಲ್ ಪ್ಯಾಂಟ್, ಕಾಲರ್ ಇರುವ ಶರ್ಟ್ ಇರಲಿ. ಬನಿಯನ್ ಥರದ ತೋಳಿಲ್ಲದ ಅಂಗಿ, ಚಡ್ಡಿ, ಟೋಪಿ ಬೇಡ. ಜೀನ್ಸ್ ಬಹಳ ಹಡಗುಗಳಲ್ಲಿ ನಡೆಯುತ್ತದೆ, ಆದರೆ ಮಂಡಿ ಹತ್ತಿರ ಹರಿದ ಫ್ಯಾಷನ್ ಜೀನ್ಸ್ ಮಾತ್ರ ಬಿಟ್ಟು ಬನ್ನಿ, ಅದು ನಿಮ್ಮೂರಲ್ಲೇ ಹೊಲಿದಿದ್ದರೂ!

ಫಾರ್ಮಲ್ ನೈಟ್ ಅನ್ನುವುದು 3-4 ರಾತ್ರಿಯ ಪ್ರಯಾಣದಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ. ಅವತ್ತು ಜೀನ್ಸ್ ಬಿಟ್ಟು ಇಸ್ತ್ರಿ ಮಾಡಿದ ಪ್ಯಾಂಟ್, ಫುಲ್ ತೋಳಿನ ಶರ್ಟ್ ಹಾಕಿದರೆ ಆಯ್ತು. ಕಾರ್ನಿವಲ್ ಕ್ರೂಸ್ ಲೈನ್‌ನವರು ಅದನ್ನು ಎಲಿಗೆಂಟ್ ನೈಟ್ ಅಂತಾರೆ, ಕೋಟು ಹಾಕುವುದು ಬಿಡುವುದು ನಿಮ್ಮಿಷ್ಟ. ನಾರ್ವೇಜಿಯನ್ ಕ್ರೂಸ್ ಲೈನ್‌ನವರದು ಇನ್ನೂ ಸಡಿಲ, ಅಲ್ಲಿ ಫಾರ್ಮಲ್ ಬಟ್ಟೆ ಕಡ್ಡಾಯವೇ ಇಲ್ಲ. ನಿಜವಾಗಿಯೂ ಕಟ್ಟುನಿಟ್ಟು ಅಂದರೆ ಕುನಾರ್ಡ್ ಕಂಪನಿ, ಅವರ ಗಾಲಾ ರಾತ್ರಿಗಳಲ್ಲಿ ಗಂಡಸರು ಕಪ್ಪು ಸೂಟು ಟೈ ಹಾಕಿಕೊಂಡೇ ಬರುತ್ತಾರೆ. ನಿಮ್ಮ ಏಜೆಂಟ್ ಎಲ್ಲೋ ಅದರ ಫೋಟೋ ನೋಡಿರಬೇಕು. ನಿಮ್ಮದು ಯಾವ ಕಂಪನಿ ಅಂತ ನೋಡಿ, ಅವರ ವೆಬ್‌ಸೈಟ್‌ನಲ್ಲೇ ಓದಿಕೊಳ್ಳಿ, ಏಜೆಂಟ್ ಬಾಯಿ ಮಾತು ನಂಬಬೇಡಿ.

6 ಗಂಟೆ ಊಟಕ್ಕೆ ಗಾಬರಿ ಬೇಡ. ಅದು ಮೊದಲ ಪಂಕ್ತಿ. 8 ಗಂಟೆ ಆಸುಪಾಸಿಗೆ ಎರಡನೇದು ಇರುತ್ತದೆ, ಆಪ್‌ನಲ್ಲೋ ಫೋನ್ ಮಾಡಿಯೋ ಈಗಲೇ ಬದಲಾಯಿಸಿ. ಹಡಗು ಹತ್ತಿದ ಮೇಲೆ ಕೇಳಿದರೆ ಜಾಗ ತುಂಬಿರಬಹುದು. ನಿಮಗೆ ಬೇಕಾದ ಹೊತ್ತಿಗೆ ಹೋಗುವ ಪದ್ಧತಿಯೂ ಕೆಲವು ಹಡಗುಗಳಲ್ಲಿದೆ. ಆದರೆ ವಯಸ್ಸಾದವರು ಜೊತೆಗಿದ್ದರೆ ಗೊತ್ತಾದ ಹೊತ್ತು, ಗೊತ್ತಾದ ಟೇಬಲ್ಲೇ ವಾಸಿ, ದಿನಾ ಅದೇ ವೇಟರ್ ಬರುತ್ತಾನೆ. ಎರಡನೇ ದಿನಕ್ಕೆ ನಿಮ್ಮ ಅಮ್ಮನಿಗೆ ಬಿಸಿನೀರು ಬೇಕು ಅನ್ನುವುದು ಅವನಿಗೇ ನೆನಪಿರುತ್ತದೆ.

ಅಂದ ಹಾಗೆ, ಇನ್ನೂ ಬುಕ್ ಮಾಡದೆ ಇದನ್ನು ಓದುತ್ತಿರುವವರಿಗೆ: ಮೊದಲ ಸಲಕ್ಕೆ ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ಕ್ರೂಸ್ ಸುಲಭ. ನಮ್ಮೂರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಮುಂಬೈಯ ಸಿಎಸ್‌ಎಂಟಿ. ಅವರ ಎಂಪ್ರೆಸ್ ಹಡಗು ಹೊಸದಲ್ಲ, 1990ರದ್ದು, ಮೊದಲು ರಾಯಲ್ ಕೆರಿಬಿಯನ್‌ನವರದೇ ಆಗಿತ್ತು. ಆದರೆ ಊಟ ನಮ್ಮ ದೇಶದ್ದೇ, ಜೈನ ಊಟವೂ ಸಿಗುತ್ತದೆ.

ಸಿಂಧನೂರು ಸೋನಾಮಸೂರಿ

ಇಷ್ಟೆಲ್ಲ ಯಾಕೆ ಸ್ವಾಮಿ. ದಿನಾ ಬಫೆಗೆ ಹೋಗಿ, ಹೊಟ್ಟೆ ತುಂಬ ತಿನ್ನಿ, ಡೆಕ್ ಮೇಲೆ ಗಾಳಿಗೆ ಕೂತುಕೊಳ್ಳಿ. ಫಾರ್ಮಲ್ ನೈಟೂ ಬೇಡ, ಇಸ್ತ್ರಿನೂ ಬೇಡ. ನಾವು ಹಾಗೇ ಮಾಡಿದ್ದು, ಯಾರೂ ಏನೂ ಅನ್ನಲಿಲ್ಲ.

ಭಾಗ್ಯನಗರದ ಅಕ್ಕ, ಕೊಪ್ಪಳ

ಸೋನಾಮಸೂರಿಯವರ ಮಾತು ಒಪ್ಪಲ್ಲ. ಅಷ್ಟು ದುಡ್ಡು ಕೊಟ್ಟು ಹೋಗಿ ನಾಲ್ಕೂ ರಾತ್ರಿ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲುವುದು ಯಾವ ಸುಖ? ಅಡುಗೆ ಮಾಡಿ ಬಡಿಸಿ ಸಾಕಾದ ಹೆಂಗಸರಿಗೆ ಒಂದು ದಿನವಾದರೂ ಕೂತಲ್ಲಿಗೆ ಊಟ ಬರಲಿ. ಮೆನುವಿನಲ್ಲಿ ಮೊದಲು ತಿನ್ನುವುದು, ಮುಖ್ಯ ಊಟ, ಕೊನೆಗೆ ಸಿಹಿ ಅಂತ ಮೂರು ಭಾಗ ಇರುತ್ತದೆ. ಒಂದರಲ್ಲಿ ಎರಡು ಬಗೆ ತರಿಸಿದರೂ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ, ಹಿಡಿಸದಿದ್ದರೆ ಬದಲಾಯಿಸಿ ಕೊಡುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸಪ್ಪೆ ಪಾಸ್ತಾ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ. ಚಮಚ, ಫೋರ್ಕು ಸಾಲಾಗಿ ಇಟ್ಟಿರುವುದು ನೋಡಿ ಹೆದರಬೇಡಿ. ರೊಟ್ಟಿ, ನಾನ್ ಬಂದರೆ ನಾವು ಕೈಯಲ್ಲೇ ತಿಂದೆವು.

ಬಟ್ಟೆ ವಿಷಯದಲ್ಲಿ ನಮ್ಮ ಹೆಂಗಸರಿಗೆ ಚಿಂತೆಯೇ ಇಲ್ಲ. ಫಾರ್ಮಲ್ ನೈಟ್‌ಗೆ ರೇಷ್ಮೆ ಸೀರೆ ಉಟ್ಟರೆ ಆಯ್ತು, ಅದಕ್ಕಿಂತ ಮೇಲಿನ ಉಡುಪು ಆ ಹಾಲ್‌ನಲ್ಲಿ ಯಾರದೂ ಇರಲ್ಲ. ನಾನು ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ. ಒಬ್ಬ ಆಸ್ಟ್ರೇಲಿಯಾದ ಅಜ್ಜಿ ಎದ್ದು ಬಂದು ಸೆರಗಿನ ಕೆಂಪು ಪಟ್ಟಿ ಮುಟ್ಟಿ ನೋಡಿ, ಇದನ್ನು ಕೈಯಲ್ಲಿ ನೇಯ್ದಿದ್ದಾರಾ ಅಂತ ಕೇಳಿದರು. ನೇಕಾರರ ಊರಿನವಳು ನಾನು, ಹೇಳಲು ಶುರು ಮಾಡಿದರೆ ನಿಲ್ಲಿಸುವುದು ಹೇಗೆ! ನಮ್ಮೆಜಮಾನರ ಸೂಪ್ ತಣ್ಣಗಾಯ್ತು.

ಅಪ್ಪಾಜಿಯವರ ಪಂಚೆಗೂ ದಾರಿಯಿದೆ. ಬಫೆಯಲ್ಲಿ ಮಾತೇ ಇಲ್ಲ. ಡೈನಿಂಗ್ ರೂಮಿಗಾದರೆ ಜರಿ ಅಂಚಿನ ಬಿಳಿ ಪಂಚೆ, ಬಿಳಿ ಶರ್ಟ್ ಅಥವಾ ಜುಬ್ಬಾ, ಕಾಲಿಗೆ ಒಳ್ಳೆ ಚಪ್ಪಲಿ. ತಮ್ಮ ನಾಡಿನ ಉಡುಪಿನಲ್ಲಿ ಬಂದವರನ್ನು ಗೌರವದಿಂದಲೇ ಕಾಣುತ್ತಾರೆ. ಮೊದಲ ದಿನ ಹೆಡ್ ವೇಟರ್‌ಗೆ 'ಇದು ನಮ್ಮ ಕಡೆ ಮದುವೆಗೆ ಉಡುವ ಬಟ್ಟೆ' ಅಂತ ಒಂದು ಮಾತು ಹೇಳಿಬಿಡಿ. ಆದರೆ ಮಡಚಿ ಮೇಲಕ್ಕೆ ಕಟ್ಟಬಾರದು! ಚೌಕಳಿ ಲುಂಗಿ ಕ್ಯಾಬಿನ್ ಒಳಗೇ, ಅಂದರೆ ನಿಮ್ಮ ಕೋಣೆಯಲ್ಲೇ ಇರಲಿ.

ಇನ್ನೊಂದು, ಡೈನಿಂಗ್ ರೂಮ್, ನಾಟಕದ ಹಾಲ್ ಎರಡರಲ್ಲೂ ಎಸಿ ಜೋರು. ಬಳ್ಳಾರಿ ಬಿಸಿಲಿಗೆ ಒಗ್ಗಿದ ಮೈ ನಡುಗಿಹೋಗುತ್ತದೆ. ಅಮ್ಮನಿಗೆ ಶಾಲು ಇಟ್ಟುಕೊಳ್ಳಿ.

ಹಡಗಿನ ಒಲೆ

ರಾಯಚೂರು ಜಿಲ್ಲೆಯವನೇ. ಹಡಗಿನ ಅಡುಗೆಮನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ, ಯಾವ ಕಂಪನಿ ಅಂತ ಬೇಡ. ಅಮ್ಮನ ಊಟದ ಬಗ್ಗೆ ಇಲ್ಲಿ ಯಾರೂ ಸರಿಯಾಗಿ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿದೇಶಿ ಹಡಗಿನಲ್ಲಿ ಬರೀ 'ವೆಜ್' ಅಂದರೆ ಸಾಲದು. ಅವರ ಲೆಕ್ಕದಲ್ಲಿ ಮೊಟ್ಟೆ ವೆಜ್‌ಗೆ ಸೇರುತ್ತದೆ. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು, ಥಾಯ್ ಕರಿಯಲ್ಲಿ ಸಿಗಡಿ ಪೇಸ್ಟ್ ಇರಬಹುದು, ಅಲುಗಾಡುವ ಪುಡಿಂಗ್ ಇದ್ದರೆ ಅದರಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಯದ್ದು. ಕೇಕು, ಪೇಸ್ಟ್ರಿಯಲ್ಲಿ ಮೊಟ್ಟೆ ಇದ್ದೇ ಇರುತ್ತದೆ ಅಂತ ತಿಳಿದುಕೊಳ್ಳಿ. ಅದಕ್ಕೇ ಬುಕಿಂಗ್‌ನಲ್ಲಿ ಊಟದ ಬಗ್ಗೆ ಕೇಳುವ ಕಡೆ 'ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಇಲ್ಲ' ಅಂತ ಬರೆಸಿ. ಈರುಳ್ಳಿ ಬೆಳ್ಳುಳ್ಳಿಯೂ ಬೇಡವಾದರೆ 'ಜೈನ್' ಅನ್ನಿ. ಇದನ್ನು ಈಗಲೇ ಮಾಡಿ, ಹೊರಡುವ ಹಿಂದಿನ ದಿನ ಅಲ್ಲ. ಸಾಮಾನೆಲ್ಲ ಬಂದರಿನಲ್ಲೇ ತುಂಬಿಕೊಳ್ಳುತ್ತಾರೆ, ನಡು ಸಮುದ್ರದಲ್ಲಿ ತೊಗರಿಬೇಳೆ ಮುಗಿದರೆ ತರಲು ಕಿರಾಣಿ ಅಂಗಡಿ ಎಲ್ಲಿದೆ?

ಬರೆಸಿದರೆ ಮುಗೀತು ಅಂತಲೂ ಅಲ್ಲ. ಮೊದಲ ರಾತ್ರಿ ಡೈನಿಂಗ್ ರೂಮಿಗೆ ಹೋಗಿ ಹೆಡ್ ವೇಟರ್‌ನನ್ನು ಕರೆಸಿ ಮಾತಾಡಿ. ಅವರು ನಾಳೆಯ ಮೆನು ತಂದು ತೋರಿಸುತ್ತಾರೆ, ಏನು ಬೇಕು ಅಂತ ಇವತ್ತೇ ಬರೆದುಕೊಳ್ಳುತ್ತಾರೆ. ಆ ಚೀಟಿ ಅಡುಗೆಮನೆಗೆ ಬಂದರೆ ನಾವು ಬೇರೆ ಪಾತ್ರೆಯಲ್ಲಿ ಗ್ರೇವಿ ತೆಗೆದಿಡುತ್ತಿದ್ದೆವು. ಗ್ರೇವಿ ತಯಾರಾಗುವುದು ಮುಂಚೆಯೇ, ರಾತ್ರಿ ಎಂಟಕ್ಕೆ ಕೂತು 'ಬೆಳ್ಳುಳ್ಳಿ ಬಿಟ್ಟು ಮಾಡಿ' ಅಂದರೆ ಆಗ ಸಿಗುವುದು ಬೇಯಿಸಿದ ಆಲೂಗಡ್ಡೆ, ಅನ್ನ, ಮೊಸರು. ಬಹಳ ಹಡಗುಗಳಲ್ಲಿ ಅಡುಗೆಯವರಲ್ಲಿ, ಬಡಿಸುವವರಲ್ಲಿ ಗೋವಾ, ಮುಂಬೈ, ಮಂಗಳೂರಿನವರು ಇರುತ್ತಾರೆ. ಹಿಂದಿಯಲ್ಲಿ ಕೇಳಿದರೆ ಮೆನುವಿನಲ್ಲಿ ಇಲ್ಲದ ದಾಲ್ ಕೂಡ ಬರುತ್ತದೆ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ನಮ್ಮ ದೇಶದವರು ಜಾಸ್ತಿ, ಹಾಗಾಗಿ ಬಫೆಯಲ್ಲೂ ನಮ್ಮ ಪದಾರ್ಥ ಸಿಗುತ್ತದೆ. ಒಂದೇ ಎಚ್ಚರ, ಬಫೆಯಲ್ಲಿ ಜನ ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹಾಕುತ್ತಾರೆ. ಅಮ್ಮ ತುಂಬ ಮಡಿಯವರಾದರೆ ಡೈನಿಂಗ್ ರೂಮೇ ಸರಿ.

ದುಡ್ಡಿನ ವಿಷಯ: ಡೈನಿಂಗ್ ರೂಮ್, ಬಫೆ, ನೀರು, ಸಾದಾ ಚಹಾ ಕಾಫಿಗೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ. ಕೋಕು, ಪೆಪ್ಸಿ, ಎಣ್ಣೆ, ಮಿಷನ್ನಿನ ಸ್ಪೆಷಲ್ ಕಾಫಿಗೆ ಬಿಲ್ ಬರುತ್ತದೆ. ಸ್ಪೆಷಾಲಿಟಿ ರೆಸ್ಟೋರೆಂಟ್ ಅಂತ ಬೋರ್ಡ್ ಇರುವ ಇಟಾಲಿಯನ್, ಜಪಾನಿ ಹೋಟೆಲುಗಳಿಗೂ ದುಡ್ಡು ಕೊಡಬೇಕು. ಕೈಯಲ್ಲಿ ನೋಟು ಕೊಡುವುದಿಲ್ಲ, ಕ್ಯಾಬಿನ್ ಕಾರ್ಡ್ ಉಜ್ಜುತ್ತಾರೆ, ಕೊನೆಯ ದಿನ ಒಟ್ಟಿಗೆ ಲೆಕ್ಕ ಬರುತ್ತದೆ. ಮಗಳ ಕೈಗೆ ಆ ಕಾರ್ಡ್ ಕೊಟ್ಟು ಕಳಿಸುವ ಮುಂಚೆ ಯೋಚನೆ ಮಾಡಿ! ಟಿಪ್ಸ್ ಅಂತ ದಿನಕ್ಕೆ, ತಲೆಗೆ ಇಷ್ಟು ಅಂತ ಬಿಲ್ಲಿಗೆ ಸೇರಿಸುವ ರೂಢಿಯೂ ಇದೆ, ಬುಕಿಂಗ್‌ನಲ್ಲೇ ಕಟ್ಟಿದ್ದೀರಾ ಅಂತ ತಮ್ಮನನ್ನು ಕೇಳಿ.

ಬಫೆ ಬಾಗಿಲಲ್ಲಿ ಕೈ ತೊಳೆಯಿರಿ ಅಂತ ಒಬ್ಬರು ನಿಂತು ಹೇಳುತ್ತಿರುತ್ತಾರೆ. ನೊರೊವೈರಸ್ ಒಬ್ಬರಿಗೆ ಬಂದರೆ ಹಡಗು ತುಂಬ ವಾಂತಿ ಭೇದಿ ಹರಡುತ್ತದೆ, ಅದಕ್ಕೆ ಸ್ಯಾನಿಟೈಸರ್ ಸಾಲದು. ಸೋಪು ಹಾಕಿಯೇ ತೊಳೆಯಿರಿ.

ಕೋಟೆ ಕೆಳಗಿನವ, ಬಳ್ಳಾರಿ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾರೆ, ಪಂಚೆ ವಿಷಯ ಓದಿ ಹೇಳಿದೆ, ಅಪ್ಪ ಈಗ ಬರುತ್ತೇನೆ ಅಂದಿದ್ದಾರೆ. ಊಟದ ಹೊತ್ತು 8ಕ್ಕೆ ಬದಲಾಯಿಸಲು ತಮ್ಮನಿಗೆ ಮೆಸೇಜ್ ಹಾಕಿದ್ದೇನೆ. ಇನ್ನು ಎರಡೇ ಡೌಟು. ಅಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿ ಕಟ್ಟುತ್ತಿದ್ದಾರೆ, ಬಿಡುತ್ತಾರಾ? ಮತ್ತೆ ಸೀರೆ, ಶರ್ಟಿಗೆ ಅಲ್ಲಿ ಇಸ್ತ್ರಿ ಹೇಗೆ? ಹೆಂಡತಿ ಚಿಕ್ಕ ಇಸ್ತ್ರಿಪೆಟ್ಟಿಗೆ ತಗೊಳ್ಳೋಣ ಅಂತಿದ್ದಾಳೆ.

ಹಡಗಿನ ಒಲೆ

ಮನೆಯಲ್ಲಿ ಮಾಡಿದ ತಿಂಡಿಯನ್ನು ಬಹಳ ಕಂಪನಿಗಳು ಬಿಡಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಪ್ಯಾಕೆಟ್ ಆದರೆ ಸಾಮಾನ್ಯವಾಗಿ ನಡೆಯುತ್ತದೆ. ಖಡಕ್ ರೊಟ್ಟಿ, ಚಟ್ನಿಪುಡಿ ಎರಡೂ ಈಗ ಪ್ಯಾಕೆಟ್‌ನಲ್ಲಿ ಸಿಗುತ್ತವಲ್ಲ, ಅದನ್ನೇ ಒಯ್ಯಿರಿ. ಉಪ್ಪಿನಕಾಯಿ ಎಣ್ಣೆ ಸೋರಿ ಆ ರೇಷ್ಮೆ ಸೀರೆ ಮೇಲೆ ಬಿದ್ದರೆ ಫಾರ್ಮಲ್ ನೈಟ್ ಅಲ್ಲಿಗೇ ಮುಗೀತು. ಬಫೆಯಿಂದ ಹಣ್ಣು, ಬ್ರೆಡ್ಡು ಕಟ್ಟಿಕೊಂಡು ದಡಕ್ಕೆ ಇಳಿಯಬೇಡಿ, ಬಂದರುಗಳಲ್ಲಿ ಅದಕ್ಕೆ ನಿಯಮ ಇರುತ್ತದೆ.

ಇಸ್ತ್ರಿಪೆಟ್ಟಿಗೆ ಖಂಡಿತ ಬೇಡ. ಬೆಂಕಿಯ ಭಯಕ್ಕೆ ಕ್ಯಾಬಿನ್‌ನಲ್ಲಿ ಅದನ್ನು ನಿಷೇಧ ಮಾಡಿದ್ದಾರೆ. ಕೆಟಲ್, ಕರೆಂಟ್ ಒಲೆಯೂ ಹಾಗೇ. ಹತ್ತುವಾಗ ಸ್ಕ್ಯಾನಿಂಗ್‌ನಲ್ಲಿ ಸಿಕ್ಕರೆ ತೆಗೆದಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ಲಾಂಡ್ರಿಗೆ ಕೊಟ್ಟರೆ ದುಡ್ಡು ತಗೊಂಡು ಇಸ್ತ್ರಿ ಮಾಡಿಕೊಡುತ್ತಾರೆ, ಫಾರ್ಮಲ್ ನೈಟ್ ಹಿಂದಿನ ದಿನವೇ ಕೊಡಿ.

ರಾಯಚೂರು ಪ್ಯಾಸೆಂಜರ್

ಬಟ್ಟೆ ಜೋಡಿಸುವಾಗ ಇದೂ ನೋಡಿಕೊಳ್ಳಿ. ಹತ್ತುವ ದಿನ ದೊಡ್ಡ ಬ್ಯಾಗು ಬಂದರಿನಲ್ಲೇ ಕೊಡಬೇಕು, ಕ್ಯಾಬಿನ್‌ಗೆ ಬರುವಷ್ಟರಲ್ಲಿ ಸಂಜೆಯಾದರೂ ಆಯಿತು. ಹಾಗಾಗಿ ಮೊದಲ ರಾತ್ರಿ ಊಟದ ಬಟ್ಟೆ, ಅಪ್ಪ ಅಮ್ಮನ ಬಿಪಿ ಶುಗರ್ ಮಾತ್ರೆ, ಮಗಳ ಈಜುಡುಗೆ ಕೈಚೀಲದಲ್ಲಿರಲಿ. ಕೊಳಕ್ಕೆ ಹತ್ತಿ ಬಟ್ಟೆಯಲ್ಲಿ ಇಳಿಯಲು ಬಿಡಲ್ಲ, ನೈಲಾನ್ ಈಜುಡುಗೆಯೇ ಬೇಕು. ಕೊನೆಯ ರಾತ್ರಿ ಬ್ಯಾಗು ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ನಮ್ಮ ಪಕ್ಕದ ಕ್ಯಾಬಿನ್‌ನವರು ಪ್ಯಾಂಟು ಸಮೇತ ಎಲ್ಲ ತುಂಬಿ ಇಟ್ಟುಬಿಟ್ಟರು, ಬೆಳಿಗ್ಗೆ ಎದ್ದರೆ ಮೈಮೇಲಿದ್ದ ಚಡ್ಡಿ ಬಿಟ್ಟು ಬೇರೇನೂ ಇಲ್ಲ. ಅದರಲ್ಲೇ ಇಮಿಗ್ರೇಷನ್ ಸಾಲಲ್ಲಿ ನಿಂತಿದ್ದರು.